ಮ್ಯಾಗ್ನೀಟೋ ಯಾರ ಕಡೆ?

ಕಾಮಿಕ್ ಸ್ಕ್ರಿಪ್ಟ್ ತಿದ್ದುವುದು ನನ್ನ ಕೆಲಸ. ಹೊಸಬರ ಸ್ಕ್ರಿಪ್ಟ್‌ಗಳಲ್ಲಿ ಒಂದು ತಿರುವು ಪದೇ ಪದೇ ಕಾಣಿಸುತ್ತದೆ. ಹದಿನೆಂಟನೇ ಪುಟದವರೆಗೆ ಊರಿಗೆ ಬೆಂಕಿ ಹಚ್ಚಿದವನು ಹತ್ತೊಂಬತ್ತನೇ ಪುಟದಲ್ಲಿ ನಾಯಕನ ಪಕ್ಕ ನಿಂತು ಹೋರಾಡುತ್ತಾನೆ. ಯಾಕೆ ಅಂತ ಕೇಳಿದರೆ, ‘ಓದುಗರಿಗೆ ಶಾಕ್ ಆಗಲಿ ಅಂತ’ ಎನ್ನುತ್ತಾರೆ. ಶಾಕ್ ಏನೋ ಆಗುತ್ತದೆ. ನಂಬಿಕೆ ಮಾತ್ರ ಬರುವುದಿಲ್ಲ.

ಅಂಥವರಿಗೆ ನಾನು ‘ಎಕ್ಸ್-ಮೆನ್’ ಅನ್ನುವ ಅಮೆರಿಕನ್ ಕಾಮಿಕ್‌ನ ವಿಲನ್ ಮ್ಯಾಗ್ನೀಟೋನ ಹಳೇ ಸಂಚಿಕೆಗಳನ್ನು ಓದಲು ಹೇಳುತ್ತೇನೆ. ಬಣ ಬದಲಿಸುವ ಪಾತ್ರವನ್ನು ಹೇಗೆ ಕಟ್ಟಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಶುರುವಿನಲ್ಲಿ ಅವನು ತೀರಾ ಸರಳ ವಿಲನ್. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಎಕ್ಸ್-ಮೆನ್’ ಶುರು ಮಾಡಿದಾಗ ಮೊದಲ ಸಂಚಿಕೆಯಲ್ಲೇ ಬಂದ. ತಲೆಗೆ ಹೆಲ್ಮೆಟ್, ಕಬ್ಬಿಣವನ್ನು ಕುಣಿಸುವ ಶಕ್ತಿ, ಬಾಯಿ ತುಂಬಾ ಅಬ್ಬರ. ಮ್ಯೂಟೆಂಟ್‌ಗಳು, ಅಂದರೆ ವಿಶೇಷ ಶಕ್ತಿ ಇಟ್ಟುಕೊಂಡೇ ಹುಟ್ಟಿದವರು, ಮನುಷ್ಯರನ್ನು ಆಳಬೇಕು ಅನ್ನುವವನು. ಅವನು ಎಲ್ಲಿಂದ ಬಂದ, ಯಾಕೆ ಹೀಗಾದ ಅಂತ ಯಾರೂ ಹೇಳಲಿಲ್ಲ. ಆಗ ಯಾರೂ ಕೇಳಲೂ ಇಲ್ಲ.

1975ರಲ್ಲಿ ಬರವಣಿಗೆ ಕ್ರಿಸ್ ಕ್ಲೇರ್‌ಮಾಂಟ್ ಕೈಗೆ ಬಂತು. ಆರು ವರ್ಷದ ನಂತರ, 1981ರಲ್ಲಿ, 150ನೇ ಸಂಚಿಕೆ ಬಂತು. ಇದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಆ ಸಂಚಿಕೆಯಲ್ಲಿ ಮ್ಯಾಗ್ನೀಟೋ ಇಡೀ ಜಗತ್ತಿಗೇ ಬೆದರಿಕೆ ಹಾಕುತ್ತಾನೆ. ಅವನ ದ್ವೀಪದ ಮೇಲೆ ಸೋವಿಯತ್ ಜಲಾಂತರ್ಗಾಮಿಯೊಂದು ಕ್ಷಿಪಣಿ ಹಾರಿಸುತ್ತದೆ. ಅದನ್ನು ಸಿಬ್ಬಂದಿ ಸಮೇತ ಮುಳುಗಿಸುತ್ತಾನೆ. ಆಮೇಲೆ ಎಕ್ಸ್-ಮೆನ್ ಅನ್ನುವ ಒಳ್ಳೆಯ ಮ್ಯೂಟೆಂಟ್‌ಗಳ ತಂಡದ ಜೊತೆ ಕಾದಾಟ. ತಂಡದಲ್ಲಿ ಕಿಟ್ಟಿ ಪ್ರೈಡ್ ಅನ್ನುವ ಹುಡುಗಿ ಇದ್ದಾಳೆ. ಹದಿಮೂರರ ವಯಸ್ಸು. ಗೋಡೆಯೊಳಗಿಂದ ಹಾದುಹೋಗುವುದು ಅವಳ ಶಕ್ತಿ. ಅವನ ಯಂತ್ರಗಳನ್ನು ಹಾಳುಮಾಡಲು ಹೊರಟವಳಿಗೆ ಅವನು ಸಿಟ್ಟಿನಲ್ಲಿ ಹೊಡೆಯುತ್ತಾನೆ. ಅವಳು ಬೀಳುತ್ತಾಳೆ. ಹತ್ತಿರ ಹೋಗಿ ನೋಡಿದರೆ, ಮಗು.

ಅಲ್ಲಿಗೆ ಕಾದಾಟ ನಿಲ್ಲುತ್ತದೆ. ಅವಳನ್ನು ಎತ್ತಿಕೊಂಡು ಅವನು ತನ್ನ ಬಾಲ್ಯ ನೆನೆಯುತ್ತಾನೆ. ನಾಜಿಗಳ ಆಶ್‌ವಿಟ್ಜ್ ಶಿಬಿರ, ವಿಷಾನಿಲದ ಕೋಣೆ, ತನ್ನ ಮನೆಯವರನ್ನು ಸಾಯಲು ಅಟ್ಟಿಕೊಂಡು ಹೋಗುವಾಗ ನಗೆಚಾಟಿಕೆ ಮಾಡುತ್ತಿದ್ದ ಕಾವಲುಗಾರರು. ಹದಿನೆಂಟು ವರ್ಷ ಈ ವಿಲನ್‌ನನ್ನು ನೋಡಿದ್ದ ಓದುಗರಿಗೆ ಇದು ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕಿಟ್ಟಿ ಬದುಕುತ್ತಾಳೆ. ಮ್ಯಾಗ್ನೀಟೋ ಗೆಲುವನ್ನು ಅಲ್ಲೇ ಬಿಟ್ಟು ಹೊರಟುಹೋಗುತ್ತಾನೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅವನ ನಿಷ್ಠೆ ಆ ಪುಟದಲ್ಲಿ ಬದಲಾಗಲೇ ಇಲ್ಲ. ಬೇಟೆಗೆ ಸಿಕ್ಕವರ ಕಡೆ ಅವನು ಮೊದಲಿನಿಂದಲೂ ಇದ್ದ. ತನ್ನವರನ್ನು ಇನ್ನೊಮ್ಮೆ ಯಾರೂ ಶಿಬಿರಕ್ಕೆ ಅಟ್ಟಬಾರದು, ಅದಕ್ಕಾಗಿ ಏನು ಮಾಡಿದರೂ ಸರಿ ಅಂದುಕೊಂಡಿದ್ದ. ಆ ದಿನ ಕೆಳಗೆ ನೋಡಿದಾಗ ಬೇಟೆಗಾರನ ಜಾಗದಲ್ಲಿ ತಾನೇ ನಿಂತಿದ್ದ. ಹಾಗಾಗಿ ಓದುಗರಿಗೆ ಮೊದಲು ಆಶ್ಚರ್ಯ ಆಗುತ್ತದೆ. ಆಮೇಲೆ ಹಿಂದಿನ ಸಂಚಿಕೆಗಳು ನೆನಪಾಗಿ, ‘ಹೌದಲ್ವಾ, ಇವನು ಹೀಗೇ ಅಲ್ವಾ’ ಅನಿಸುತ್ತದೆ. ಈ ಎರಡನೇ ಅನಿಸಿಕೆ ಬರದಿದ್ದರೆ ಮೊದಲನೆಯದು ಸುಮ್ನೆ ಗದ್ದಲ.

ಕ್ಲೇರ್‌ಮಾಂಟ್ ಅವಸರ ಮಾಡಲಿಲ್ಲ. ಮುಂದಿನ ದೊಡ್ಡ ಹೆಜ್ಜೆಗೆ ನಾಲ್ಕು ವರ್ಷ ತೆಗೆದುಕೊಂಡರು. 1985ರ 199ನೇ ಸಂಚಿಕೆಯಲ್ಲಿ, ನಾಜಿ ನರಮೇಧದ ನೆನಪಿನ ಸಭೆಗೆ ಮ್ಯಾಗ್ನೀಟೋ ವಾಷಿಂಗ್ಟನ್‌ಗೆ ಬರುತ್ತಾನೆ. ಜೊತೆಯಲ್ಲಿ ಯಾರಿರುತ್ತಾರೆ ನೋಡಿ: ಕಿಟ್ಟಿ. ಅವಳು ಯೆಹೂದಿ ಹುಡುಗಿ. ಕಳೆದುಹೋದ ತನ್ನ ಬಂಧುವಿನ ಸುಳಿವು ಹುಡುಕಿಕೊಂಡು ಬಂದಿದ್ದಾಳೆ. ಅವನನ್ನು ಬಂಧಿಸಲು ಬರುವವರು ಹಿಂದಿನ ವಿಲನ್‌ಗಳು, ಈಗ ಸರ್ಕಾರದ ಸಂಬಳದವರು. ಅವನಲ್ಲಿ ಅವರನ್ನು ಎದುರಿಸುವ ಬಲ ಇತ್ತು. ಆದರೂ ಶರಣಾಗುತ್ತಾನೆ.

200ನೇ ಸಂಚಿಕೆಯಲ್ಲಿ ಪ್ಯಾರಿಸ್‌ನಲ್ಲಿ ವಿಚಾರಣೆ. ಮುಳುಗಿಸಿದ ಆ ಜಲಾಂತರ್ಗಾಮಿಯ ನೆರಳು ಅಲ್ಲಿಗೂ ಬಂದಿರುತ್ತದೆ. ಇದು ನನಗೆ ತುಂಬಾ ಮುಖ್ಯ. ಪಾತ್ರ ಒಳ್ಳೆಯದಾಯಿತು ಅಂತ ಸತ್ತವರನ್ನು ಮರೆತುಬಿಡುವ ಕಥೆಗಳನ್ನು ಕಂಡರೆ ನನಗೆ ಆಗುವುದಿಲ್ಲ. ದಾಳಿಯೊಂದು ನಡೆದು ವಿಚಾರಣೆ ಅರ್ಧಕ್ಕೇ ನಿಲ್ಲುತ್ತದೆ. ಎಕ್ಸ್-ಮೆನ್ ತಂಡ ಕಟ್ಟಿದ, ಈಗ ಸಾವಿನ ಅಂಚಿನಲ್ಲಿರುವ ಪ್ರೊಫೆಸರ್ ಝೇವಿಯರ್ ತನ್ನ ಮ್ಯೂಟೆಂಟ್ ಶಾಲೆಯನ್ನೂ ಮಕ್ಕಳನ್ನೂ ನೋಡಿಕೋ ಅಂತ ಹಳೇ ಗೆಳೆಯನನ್ನು, ಹಳೇ ವೈರಿಯನ್ನು ಕೇಳಿಕೊಳ್ಳುತ್ತಾನೆ. 1963ರ ಆ ಅಬ್ಬರದ ವಿಲನ್ ಈಗ ಹೆಡ್‌ಮಾಸ್ಟರ್.

ಆ ಕೆಲಸದಲ್ಲಿ ಅವನು ಸೋಲುತ್ತಾನೆ. 1988ರಲ್ಲಿ, ಆ ಶಾಲೆಯ ಮಕ್ಕಳ ಕಥೆಯ ಸರಣಿ ‘ನ್ಯೂ ಮ್ಯೂಟೆಂಟ್ಸ್’ನ 60ನೇ ಸಂಚಿಕೆಯಲ್ಲಿ, ಅವನ ವಿದ್ಯಾರ್ಥಿ ಡಗ್ ರಾಮ್ಸಿ ಸಾಯುತ್ತಾನೆ. ಮತ್ತೆ ಕಾಪಾಡಲಾಗದ ಇನ್ನೊಂದು ಮಗು. ಅಲ್ಲಿಂದ ಅವನು ಹಳೇ ದಾರಿಗೆ ಹೊರಳಿದ್ದು ನನಗೆ ಸಹಜವಾಗಿಯೇ ಕಂಡಿತು. ಅವನನ್ನು ಒಳ್ಳೆಯತನದ ಕಡೆ ತಂದ ನೋವೇ ಅದರಿಂದ ದೂರ ಒಯ್ಯಿತು.

ಇಂಥ ತಿರುವು ಕೆಡುವುದು ಹೇಗೆ ಅನ್ನುವುದಕ್ಕೂ ಇದೇ ಪಾತ್ರದಲ್ಲಿ ಉದಾಹರಣೆ ಇದೆ. 1991ರಲ್ಲಿ ಹೊಸ ‘ಎಕ್ಸ್-ಮೆನ್’ ಸರಣಿ ಶುರುವಾಯಿತು. ಅದರ ಮೊದಲ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿ ದಾಖಲೆ ಮಾಡಿತು. ಅದರ ಕಥೆಯಲ್ಲಿ ಒಂದು ವಿಷಯ ಬಯಲಾಗುತ್ತದೆ. ಹಿಂದೊಮ್ಮೆ ಮ್ಯಾಗ್ನೀಟೋ ಮಗುವಾಗಿಬಿಟ್ಟಿದ್ದಾಗ ವಿಜ್ಞಾನಿ ಮೊಯ್ರಾ ಮ್ಯಾಕ್‌ಟ್ಯಾಗರ್ಟ್ ಅವನ ಜೀನ್‌ಗಳನ್ನು ತಿದ್ದಿದ್ದಳಂತೆ, ಅವನು ಒಳ್ಳೆಯವನಾಗಲಿ ಅಂತ.

ಇದನ್ನು ಓದಿದಾಗ ನನಗೆ ನಿಜವಾಗಿ ನೋವಾಯಿತು. ಹಾಗಾದರೆ ಕಿಟ್ಟಿಯನ್ನು ಎತ್ತಿಕೊಂಡು ಅತ್ತದ್ದು, ಶರಣಾದದ್ದು, ಎಲ್ಲವೂ ಯಾರೋ ಗುಂಡಿ ಒತ್ತಿದ್ದರಿಂದಲೇ? ಪುಣ್ಯಕ್ಕೆ ಮೂರನೇ ಸಂಚಿಕೆಯಲ್ಲಿ ಇನ್ನೊಂದು ಮಾತು ಬರುತ್ತದೆ. ಮ್ಯೂಟೆಂಟ್ ತನ್ನ ಶಕ್ತಿ ಬಳಸಿದ ಕೂಡಲೇ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಅಂದರೆ ಮಾಡಿದ್ದೆಲ್ಲ ಅವನದೇ ಆಯ್ಕೆ. ಒಳ್ಳೆಯದೂ ಅವನದು, ಕೆಟ್ಟದ್ದೂ ಅವನದು. ಆ ಸಂಚಿಕೆಯ ನಂತರ ಕ್ಲೇರ್‌ಮಾಂಟ್ ಸರಣಿ ಬಿಟ್ಟರು. ಹೊರಡುವ ಮುಂಚೆ ಪಾತ್ರಕ್ಕೆ ಅದರ ಮರ್ಯಾದೆ ವಾಪಸ್ ಕೊಟ್ಟುಹೋದರು ಅಂತ ನನಗನಿಸುತ್ತದೆ.

ಮಂತ್ರ, ಮಾತ್ರೆ, ಮಿದುಳಿನ ಚಿಪ್. ಸ್ಕ್ರಿಪ್ಟ್‌ನಲ್ಲಿ ಬಣ ಬದಲಾವಣೆಗೆ ಇಂಥ ಕಾರಣ ಕಂಡರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ: ಇವನು ಯಾರನ್ನು ಕಳೆದುಕೊಳ್ಳಲು ತಯಾರಿಲ್ಲ? ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದದ್ದು ಕಸುಬಿನ ಕೆಲಸ. ತಿರುವಿನ ಚಿತ್ರವನ್ನು ಎಡಗಡೆಯ ಪುಟದಲ್ಲಿ ಇಡಿ, ಹಾಳೆ ತಿರುವಿದಾಗಲೇ ಕಾಣಲಿ. ಬಲಗಡೆ ಇಟ್ಟರೆ ಓದುಗರ ಕಣ್ಣು ಮೊದಲೇ ಅಲ್ಲಿಗೆ ಜಾರುತ್ತದೆ. ಮಾತು ಕಡಿಮೆ ಮಾಡಿ. ಮುಖಕ್ಕೆ ಒಂದು ದೊಡ್ಡ ಚೌಕಟ್ಟು ಕೊಡಿ.

ಊರಿಗೆ ಬೆಂಕಿ ಹಚ್ಚಿದವನ ಸ್ಕ್ರಿಪ್ಟ್ ಮೊನ್ನೆ ಮತ್ತೆ ನನ್ನ ಮೇಜಿಗೆ ಬಂತು. ಹತ್ತೊಂಬತ್ತನೇ ಪುಟ ಹಾಗೇ ಇದೆ, ಅವನು ನಾಯಕನ ಪಕ್ಕದಲ್ಲೇ ನಿಂತಿದ್ದಾನೆ. ಬದಲಾಗಿರುವುದು ನಾಲ್ಕನೇ ಪುಟ. ಬೆಂಕಿ ಹಚ್ಚುವ ಮುಂಚೆ ಅವನು ಒಂದು ಮನೆಯ ಮುಂದೆ ನಿಲ್ಲುತ್ತಾನೆ, ಬಾಗಿಲು ಬಡಿಯುತ್ತಾನೆ, ಒಳಗಿರುವ ಮುದುಕಿ ಹೊರಗೆ ಬರುವವರೆಗೆ ಕಾಯುತ್ತಾನೆ. ಮಾತಿನ ಗುಳ್ಳೆ ಒಂದೂ ಇಲ್ಲ.