ಉಹುರು ಬೇರೆ, ಮದರಾಕ ಬೇರೆ

'ಕೀನ್ಯಾ ಸ್ವಾತಂತ್ರ್ಯ ದಿನ: ಜೂನ್ 1'. ವಾಟ್ಸಾಪಿನ ಜಿಕೆ ಪಟ್ಟಿಗಳಲ್ಲಿ ಇದನ್ನು ಓದಿ ಓದಿ ಸಾಕಾಗಿದೆ. ಅವತ್ತು ಬಂದದ್ದು ಮದರಾಕ, ಅಂದರೆ ಒಳಾಡಳಿತದ ಅಧಿಕಾರ ಮಾತ್ರ. ಉಹುರು, ಅಂದರೆ ಸ್ವಾತಂತ್ರ್ಯ, ಬಂದದ್ದು ಆರು ತಿಂಗಳ ಮೇಲೆ, 1963ರ ಡಿಸೆಂಬರ್ 12ಕ್ಕೆ.

ಉಹುರು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದ. ಬೇರು ಮಾತ್ರ ಅರಬ್ಬಿಯದು. ಕಾಶ್ಮೀರದ ಸುದ್ದಿಯಲ್ಲಿ ಬರುವ 'ಹುರಿಯತ್' ಕೂಡ ಅದೇ ಬೇರಿನದು. ಸ್ವಾಹಿಲಿಯಲ್ಲಿ 'ಹುರು' ಅಂದರೆ ಯಾರ ಹಿಡಿತದಲ್ಲೂ ಇಲ್ಲದ, ಗುಲಾಮನಲ್ಲದ. ಗುಲಾಮರ ವ್ಯಾಪಾರ ಕಂಡ ಕರಾವಳಿಯಲ್ಲಿ ಇದು ಬರೀ ಭಾಷಣದ ಮಾತಲ್ಲ. ಇದರ ಮುಂದೆ 'ಉ' ಸೇರಿದರೆ ಉಹುರು, ಅಂದರೆ ಬಿಡುಗಡೆ. ನಾವು 'ತನ'ವನ್ನು ಪದದ ಬಾಲಕ್ಕೆ ಕಟ್ಟುತ್ತೇವೆ: ದೊಡ್ಡ, ದೊಡ್ಡತನ. ಅವರು 'ಉ'ವನ್ನು ತಲೆಗೆ ಕಟ್ಟುತ್ತಾರೆ. ಮೋಜ ಅಂದರೆ ಒಂದು, ಉಮೋಜ ಅಂದರೆ ಒಗ್ಗಟ್ಟು. ಜಮಾ ಅಂದರೆ ಮನೆಮಂದಿ, ಬಂಧುಬಳಗ. ಅದರಿಂದಲೇ ಟಾಂಜಾನಿಯಾದ ಮೊದಲ ಅಧ್ಯಕ್ಷ ನ್ಯೆರೆರೆ ಹೇಳುತ್ತಿದ್ದ ಉಜಮಾ, ಅಂದರೆ ಒಂದೇ ಮನೆಮಂದಿಯಂತೆ ಕೂಡಿ ಬಾಳುವ ಸಮಾಜವಾದ. ಎಷ್ಟು ಅಚ್ಚುಕಟ್ಟು, ಅಲ್ವಾ?

ಮದರಾಕ ಅಂದರೆ ಅಧಿಕಾರ, ಹೊಣೆ. 1963ರ ಮೇ ಚುನಾವಣೆಯಲ್ಲಿ ಕೀನ್ಯಾದ ಕಾನು ಪಕ್ಷ ಗೆದ್ದಿತು. ಜೂನ್ 1ಕ್ಕೆ ಅದರ ನಾಯಕ ಜೋಮೋ ಕೆನ್ಯಾಟ ಪ್ರಧಾನಿಯಾದರು. ಮನೆವಾರ್ತೆ ಇವರ ಕೈಗೆ ಬಂತು, ಸರಿ. ರಕ್ಷಣೆ, ವಿದೇಶ ವ್ಯವಹಾರ ಇನ್ನೂ ಬ್ರಿಟಿಷರ ಹತ್ತಿರವೇ ಇತ್ತು. ಇದನ್ನು ಸ್ವಾತಂತ್ರ್ಯ ಅನ್ನುವುದಾದರೆ ನಮ್ಮ 1946ರ ಮಧ್ಯಂತರ ಸರ್ಕಾರವನ್ನೂ ಹಾಗೇ ಅನ್ನಬೇಕಾಗುತ್ತದೆ. ಯಾರಾದರೂ ಅಂತಾರಾ?

ಮೂರನೆಯದು ಜಮ್ಹುರಿ, ಗಣರಾಜ್ಯ. ಉಹುರು ಬಂದ ಮೇಲೂ ಒಂದು ವರ್ಷ ಎಲಿಜಬೆತ್ ರಾಣಿಯೇ ಕೀನ್ಯಾದ ರಾಣಿ. 1964ರ ಡಿಸೆಂಬರ್ 12ಕ್ಕೆ ಅದು ಮುಗಿದು ಕೆನ್ಯಾಟ ಅಧ್ಯಕ್ಷರಾದರು. ನಮ್ಮ ಆಗಸ್ಟ್ 15, ಜನವರಿ 26ರ ಲೆಕ್ಕವೇ. ನಮಗೆ ಎರಡೂ ಬೇರೆ ತಾರೀಕು, ಅವರಿಗೆ ಎರಡೂ ಒಂದೇ. ಹಾಗಾಗಿ ಕೀನ್ಯಾದಲ್ಲಿ ಡಿಸೆಂಬರ್ 12ರ ರಜೆಯ ಹೆಸರು ಜಮ್ಹುರಿ ದಿನ. ಮದರಾಕ ದಿನಕ್ಕೂ ರಜೆ ಇದೆ. ಉಹುರು ಹೆಸರಲ್ಲಿ ಬೇರೆ ರಜೆಯೇ ಇಲ್ಲ! ಜಿಕೆ ಪಟ್ಟಿಯವರು ಎಡವುವುದು ಇಲ್ಲೇ ಇರಬೇಕು.

'ಉಹುರು ದಿನ' ಇರುವುದು ಪಕ್ಕದ ಟಾಂಜಾನಿಯಾದಲ್ಲಿ, ಡಿಸೆಂಬರ್ 9ಕ್ಕೆ. 1961ರಲ್ಲಿ ಟಾಂಗನೀಕಾ (ಇಂದಿನ ಟಾಂಜಾನಿಯಾದ ಮುಖ್ಯ ಭೂಭಾಗ) ಸ್ವತಂತ್ರವಾದ ದಿನ ಅದು.

ಇನ್ನು 'ಉಹುರು ಅಂದ್ರೆ ಕೀನ್ಯಾದ ಹಳೆಯ ಅಧ್ಯಕ್ಷ' ಅನ್ನುವವರಿಗೆ ಒಂದು ಮಾತು. ಉಹುರು ಕೆನ್ಯಾಟ ಜೋಮೋ ಅವರ ಮಗ. ಹುಟ್ಟಿದ್ದು 1961ರ ಅಕ್ಟೋಬರಿನಲ್ಲಿ, ಅಪ್ಪ ಬಂಧನದಿಂದ ಬಿಡುಗಡೆಯಾದ ಎರಡು ತಿಂಗಳಿಗೆ. ದೇಶಕ್ಕೆ ಉಹುರು ಬರುವ ಮೊದಲೇ ಮನೆಯ ತೊಟ್ಟಿಲಿಗೆ ಬಂದಿತ್ತು.

ಹಾಂ, ಉಹುರು ಶಿಖರವೂ ಕೀನ್ಯಾದ್ದಲ್ಲ. ಅದು ಕಿಲಿಮಂಜಾರೋದ ತುದಿ, ಟಾಂಜಾನಿಯಾದಲ್ಲಿದೆ. ಜರ್ಮನರ ಕಾಲದಲ್ಲಿ ಅದಕ್ಕೆ ಕೈಸರ್ ವಿಲ್‌ಹೆಲ್ಮ್‌ನ ಹೆಸರಿತ್ತು.