ಟಿಕ್ ಒತ್ತಿದ್ದೆ, ಆದರೂ ಬರೆದದ್ದೆಲ್ಲ ಎಲ್ಲಿ ಹೋಯ್ತು?

ಪ್ರಶ್ನೆ: ಬ್ರೌಸರ್‌ನಲ್ಲಿ ತೆರೆಯೋ ಟಿಡ್ಲಿವಿಕಿ ಅನ್ನೋ ನೋಟ್‌ಬುಕ್ಕಿನಲ್ಲಿ ದಿನಾ ನೋಟ್ಸ್ ಬರೆಯುತ್ತೇನೆ. ನಿನ್ನೆ ಟಿಕ್ ಗುರುತು ಒತ್ತಿಯೇ ಮುಚ್ಚಿದ್ದೆ. ಇವತ್ತು ತೆರೆದರೆ ಹೋದ ವಾರದ್ದೇ ಇದೆ. ಬ್ರೌಸರ್‌ನಲ್ಲಿ ಇರೋದು ತಾನಾಗೇ ಸೇವ್ ಆಗೋದಿಲ್ವಾ ಮೇಡಂ? ಬ್ಯಾಕಪ್ ಇಡೋದು ಹೇಗೆ?

ಉತ್ತರ: ಮೊದಲು ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ನಿಮ್ಮ ವಿಕಿಯ ಹೆಸರೇ ಇಟ್ಟುಕೊಂಡು, ಬಾಲಕ್ಕೆ 1, 2, 3 ಅಂತ ಅಂಕಿ ಅಂಟಿಸಿಕೊಂಡ ಫೈಲುಗಳು ಅಲ್ಲಿವೆಯಾ ನೋಡಿ. ಇದ್ದರೆ ತಾರೀಖು ನೋಡಿ ಕೊನೆಯದನ್ನು ತೆರೆಯಿರಿ. ನೀವು ಕಳೆದುಕೊಂಡ ವಾರ ಅಲ್ಲೇ ಕೂತಿರುತ್ತದೆ. ಇಲ್ಲದಿದ್ದರೆ ಕ್ಷಮಿಸಿ, ಅದು ಹೋಯಿತು.

ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಪ್ರಶ್ನೆಯೊಳಗೆ ಅದೇ ಒಂದು ನಂಬಿಕೆ ಅಡಗಿರುತ್ತದೆ: ‘ಬ್ರೌಸರ್‌ನಲ್ಲಿ ಇದೆ ಅಂದ ಮೇಲೆ ಬ್ರೌಸರೇ ಉಳಿಸಿಕೊಳ್ಳುತ್ತದೆ.’ ಇಲ್ಲ. ಖಂಡಿತ ಇಲ್ಲ. ಇವತ್ತು ಇದನ್ನು ಸ್ವಲ್ಪ ಕೂತು ಬಿಡಿಸೋಣ.

ವೈಫೈ ಆಫ್ ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿರುವ ವಿಕಿ ಫೈಲನ್ನು ತೆರೆಯಿರಿ. ಆರಾಮಾಗಿ ತೆರೆಯಿತು, ಅಲ್ವಾ? ಅಂದರೆ ಅದು ಇಂಟರ್‌ನೆಟ್ಟಿನಲ್ಲಿಲ್ಲ. ಟಿಡ್ಲಿವಿಕಿ ಅಂದರೆ ವೆಬ್ ಪುಟದಂಥ ಒಂದೇ ಒಂದು ಎಚ್‌ಟಿಎಂಎಲ್ ಫೈಲು. ನೀವು ಬರೆದದ್ದು, ಅದನ್ನು ತೋರಿಸುವ ಪ್ರೋಗ್ರಾಮು, ಎರಡೂ ಅದೇ ಫೈಲಿನ ಹೊಟ್ಟೆಯಲ್ಲಿವೆ. ಜೆರೆಮಿ ರಸ್ಟನ್ 2004ರಲ್ಲಿ ಇದನ್ನು ಹೊರತಂದಾಗ ಎಲ್ಲರೂ ಬೆರಗಾದದ್ದು ಇದಕ್ಕೇ.

ಈಗ ಬೀರುವಿನಲ್ಲಿ ಮನೆಯ ಮೂಲ ಪತ್ರ ಇದೆ ಅಂದುಕೊಳ್ಳಿ. ಅದರ ಝೆರಾಕ್ಸ್ ತೆಗೆಸಿ, ಝೆರಾಕ್ಸಿನ ಮೇಲೆ ಪೆನ್ನಿನಲ್ಲಿ ತಿದ್ದಿದರೆ ಮೂಲ ಪತ್ರ ಬದಲಾಗುತ್ತದೆಯೇ? ಬ್ರೌಸರ್ ಟ್ಯಾಬಿನಲ್ಲಿ ಕಾಣುವುದು ಆ ಝೆರಾಕ್ಸ್. ಫೈಲನ್ನು ಓದಿ ಮೆಮೊರಿಯಲ್ಲಿ ಇಟ್ಟುಕೊಂಡ ಪ್ರತಿ. ನೀವು ಗಂಟೆಗಟ್ಟಲೆ ಬರೆದರೂ ಹಾರ್ಡ್ ಡಿಸ್ಕಿನ ಫೈಲಿಗೆ ಅದರ ಸುದ್ದಿಯೇ ಇರುವುದಿಲ್ಲ. ನಂಬಿಕೆ ಬರದಿದ್ದರೆ ಬರೆಯುವ ಮೊದಲು, ಬರೆದ ಮೇಲೆ ಫೈಲಿನ ತಾರೀಖು ಮತ್ತು ಸಮಯ ನೋಡಿ. ಅಲ್ಲಾಡಿರುವುದಿಲ್ಲ.

‘ಹಾಗಾದರೆ ಟಿಕ್ ಒತ್ತಿದ್ದು?’ ಅಂತ ನೀವು ಕೇಳೇ ಕೇಳುತ್ತೀರಿ. ಟಿಕ್ ಎರಡಿವೆ. ಟಿಪ್ಪಣಿಯ ತಲೆಯ ಮೇಲೆ ಒಂದು. ಅದು ‘ಈ ಟಿಪ್ಪಣಿ ಬರೆದು ಮುಗಿಸಿದೆ’ ಅನ್ನುವುದಕ್ಕೆ, ಅಂದರೆ ಝೆರಾಕ್ಸಿನ ಮೇಲಿನ ತಿದ್ದುಪಡಿಗೆ. ಬಲಗಡೆ ಪಟ್ಟಿಯಲ್ಲಿ ಇನ್ನೊಂದು. ಸೇವ್ ಮಾಡುವುದು ಅದು. ಉಳಿಸದೆ ಇರುವುದು ಏನಾದರೂ ಇದ್ದರೆ ಅದು ಕೆಂಪಾಗುತ್ತದೆ. ಪಾಪ, ಕೆಂಪಾಗಿ ಕೂಗುತ್ತಲೇ ಇರುತ್ತದೆ, ನಾವು ನೋಡುವುದಿಲ್ಲ. ಟ್ಯಾಬ್ ಮುಚ್ಚಲು ಹೋದರೆ ಕಂಪ್ಯೂಟರಿನಲ್ಲಿ ಎಚ್ಚರಿಕೆಯೂ ಬರುತ್ತದೆ. ಫೋನಿನಲ್ಲಿ ಮೆಮೊರಿ ಸಾಲದೆ ಟ್ಯಾಬ್ ತಾನೇ ಸತ್ತರೆ ಅದೂ ಬರುವುದಿಲ್ಲ.

ಸರಿ, ಕೆಂಪು ಟಿಕ್ ಒತ್ತಿದಿರಿ. ಆಗಲೂ ಬರಿಯ ಬ್ರೌಸರ್ ಮೂಲ ಫೈಲನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ! ವೆಬ್ ಪುಟವೊಂದು ಕೇಳದೆ ನಿಮ್ಮ ಡಿಸ್ಕಿನ ಮೇಲೆ ಬರೆಯುವಂತಿದ್ದರೆ ನಾಳೆ ಯಾವುದೋ ದರಿದ್ರ ಸೈಟ್ ನಿಮ್ಮ ಮಗಳ ಮದುವೆ ಫೋಟೊಗಳನ್ನೇ ಅಳಿಸಿಬಿಡಬಹುದು. ಆದ್ದರಿಂದ ಬ್ರೌಸರ್ ಹೊಸ ಪ್ರತಿಯೊಂದನ್ನು ಡೌನ್‌ಲೋಡ್ ಮಾಡಿ ಕೊಡುತ್ತದೆ. ಮಾರನೇ ದಿನ ನೀವು ಬುಕ್‌ಮಾರ್ಕ್ ಒತ್ತಿ ಹಳೆಯ ಫೈಲನ್ನೇ ತೆರೆಯುತ್ತೀರಿ. ಆಮೇಲೆ ನನಗೆ ಪತ್ರ ಬರೆಯುತ್ತೀರಿ.

ಮೊದಲು ಫೈರ್‌ಫಾಕ್ಸಿಗೆ ಟಿಡ್ಲಿಫಾಕ್ಸ್ ಅನ್ನುವ, ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮು, ಅಂದರೆ ಆಡ್‌ಆನ್ ಇತ್ತು, ಅದು ನೇರ ಮೂಲಕ್ಕೇ ಬರೆಯುತ್ತಿತ್ತು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೇ ಬಗೆಯ ಆಡ್‌ಆನ್‌ಗಳಿಗೆಲ್ಲ ಬಾಗಿಲು ಹಾಕಿತು. ಅದನ್ನು ಹಾಕಿಕೊಳ್ಳಿ ಅನ್ನುವ ಹಳೇ ಸಲಹೆ ಕಂಡರೆ ಸುಮ್ನೆ ಮುಂದೆ ಹೋಗಿ.

ಬರೆದದ್ದನ್ನು ಬ್ರೌಸರಿನ ಒಳಗೇ ಇಟ್ಟುಕೊಳ್ಳುವ ಪ್ಲಗಿನ್ ಒಂದಿದೆ, ನಿಜ. ಆದರೆ ಯಾರೋ ‘ಕಂಪ್ಯೂಟರ್ ಸ್ಲೋ ಆಗಿದೆ’ ಅಂತ ಬ್ರೌಸಿಂಗ್ ಡೇಟಾ ಕ್ಲಿಯರ್ ಮಾಡಿದರೆ ಅದೂ ಸಾಫ್. ಅದನ್ನು ನೆಚ್ಚಿಕೊಳ್ಳಬೇಡಿ.

ನಾನೇನು ಹುಟ್ಟುತ್ತಲೇ ಜಾಣೆಯಲ್ಲ. ಮನೆ ಕಟ್ಟಿಸುವಾಗ ಸಿಮೆಂಟು, ಮರಳು, ಮೇಸ್ತ್ರಿಗೆ ಕೊಟ್ಟ ದುಡ್ಡು ಎಲ್ಲ ವಿಕಿಯಲ್ಲೇ ಬರೆಯುತ್ತಿದ್ದೆ. ಮೂರು ವಾರದ ಲೆಕ್ಕ ಹೀಗೇ ಮಾಯವಾಯಿತು. ಕೊನೆಗೆ ಮೇಸ್ತ್ರಿಯ ಜೇಬಿನಲ್ಲಿದ್ದ ಸಣ್ಣ ಪುಸ್ತಕ ನೋಡಿಕೊಂಡು ಮತ್ತೆ ಬರೆದೆ. ಅವರು ಮುಸಿಮುಸಿ ನಕ್ಕಿದ್ದು ಇನ್ನೂ ನೆನಪಿದೆ.

ಈಗ ದಾರಿಗಳು. ಏನನ್ನೂ ಹಾಕಿಕೊಳ್ಳಲು ಮನಸ್ಸಿಲ್ಲದಿದ್ದರೆ, ಡೌನ್‌ಲೋಡ್ ಮಾಡುವ ಮೊದಲು ‘ಎಲ್ಲಿ ಇಡಲಿ’ ಎಂದು ಕೇಳುವ ಸೆಟ್ಟಿಂಗ್ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದೆ, ಅದನ್ನು ಆನ್ ಮಾಡಿ. ಕೇಳಿದಾಗ ಮೂಲ ಫೈಲನ್ನೇ ತೋರಿಸಿ, ಅದರ ಮೇಲೆ ಬರೆಯಲು ಒಪ್ಪಿಗೆ ಕೊಡಿ. ನನಗೆ ಇಷ್ಟವಾದದ್ದು ಟಿಡ್ಲಿಡೆಸ್ಕ್‌ಟಾಪ್. ಅದು ಕಂಪ್ಯೂಟರಿಗೆ ಹಾಕಿಕೊಳ್ಳುವ ಬೇರೆ ಪ್ರೋಗ್ರಾಮು, ಬ್ರೌಸರಿನ ಗೊಡವೆಯೇ ಇಲ್ಲ, ಮೂಲ ಫೈಲಿಗೇ ಉಳಿಸುತ್ತದೆ, ಹಳೆಯ ಪ್ರತಿಯನ್ನೂ ಪಕ್ಕಕ್ಕೆ ಎತ್ತಿಡುತ್ತದೆ. ಬ್ರೌಸರೇ ಬೇಕು ಅನ್ನುವವರಿಗೆ ಟಿಮಿಮಿ ಎಕ್ಸ್‌ಟೆನ್ಷನ್, ಆಂಡ್ರಾಯ್ಡ್ ಫೋನಿಗೆ ಟಿಡ್ಲಾಯ್ಡ್. ನೆಟ್ಟಿನಲ್ಲೇ ಇಡಬೇಕಾದರೆ ಟಿಡ್ಲಿಹೋಸ್ಟ್. ಗಿಟ್‌ಹಬ್ ಗೊತ್ತಿದ್ದವರು ವಿಕಿಯ ಸೆಟ್ಟಿಂಗಿನಲ್ಲೇ ಅದನ್ನು ಜೋಡಿಸಬಹುದು. ಪ್ರತಿ ಸೇವ್‌ಗೂ ಹಳೆಯದು ಇತಿಹಾಸದಲ್ಲಿ ಉಳಿಯುತ್ತದೆ. ನೋಡ್ ಜೆಎಸ್ ಬಲ್ಲವರಿಗೆ ನನ್ನ ಉಪದೇಶ ಬೇಕಿಲ್ಲ.

ಬ್ಯಾಕಪ್ ಬೇರೆ ಮಾತು. ಫೈಲುಗಳ ಪ್ರತಿಯನ್ನು ನೆಟ್ಟಿನಲ್ಲೂ ಇಡುವ ಡ್ರಾಪ್‌ಬಾಕ್ಸ್ ಫೋಲ್ಡರಿನಲ್ಲಿ ಇಟ್ಟರೆ ಆಯ್ತಲ್ಲ ಅನ್ನುತ್ತೀರಿ. ನೀವು ಟಿಪ್ಪಣಿ ಅಳಿಸಿ ಸೇವ್ ಮಾಡಿದರೆ ಅಳಿಸಿದ ಪ್ರತಿಯೇ ಅಲ್ಲಿಗೂ ಹೋಗುತ್ತದೆ. ಹಳೆಯ ಆವೃತ್ತಿ ಸಿಗುತ್ತದೆ, ಆದರೆ ಉಚಿತ ಖಾತೆಯಲ್ಲಿ 30 ದಿನ ಮಾತ್ರ. ಅದಕ್ಕೇ ವಾರಕ್ಕೊಮ್ಮೆ ಫೈಲನ್ನು ಪೆನ್ ಡ್ರೈವಿಗೆ ಕಾಪಿ ಮಾಡಿ, ಹೆಸರಿನಲ್ಲಿ ತಾರೀಖು ಸೇರಿಸಿ. ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ. ಆಗ ಫೈಲುಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ. ಖಾಲಿ ವಿಕಿಯೇ ಸುಮಾರು 2.5 ಎಂಬಿ. ನೂರು ಪ್ರತಿ ಇಟ್ಟರೂ ಒಂದು ಸಿನಿಮಾದಷ್ಟು ಜಾಗ ಹಿಡಿಯುವುದಿಲ್ಲ. ಹೊಸ ಪ್ರತಿ ಹಳೆಯದಕ್ಕಿಂತ ಇದ್ದಕ್ಕಿದ್ದಂತೆ ಚಿಕ್ಕದಾಗಿದ್ದರೆ ಅನುಮಾನಪಡಿ. ವಿಕಿಗೆ ಪಾಸ್‌ವರ್ಡ್ ಹಾಕಿ ಮರೆತಿರೋ, ಯಾವ ಬ್ಯಾಕಪ್ಪೂ ಕಾಯುವುದಿಲ್ಲ.

ಹಾಗೇ ಒಂದು ಮಾತು. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾಕಪ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ನೀವು ಬರೆದ ಕನ್ನಡ ಪದವೊಂದನ್ನು ಹುಡುಕಿ. ಪಾಸ್‌ವರ್ಡ್ ಇಲ್ಲದ ವಿಕಿಯಾದರೆ ಅಕ್ಷರಗಳು ಹಾಗೇ ಕಾಣುತ್ತವೆ. ಇಪ್ಪತ್ತು ವರ್ಷ ಬಿಟ್ಟು ಟಿಡ್ಲಿವಿಕಿ ಇಲ್ಲದಿದ್ದರೂ ಓದಬಹುದು. ಆದರೆ ಕನ್ನಡ ಟೈಪಿಂಗಿನ ಹಳೇ ‘ನುಡಿ’ ತಂತ್ರಾಂಶದ ಫೈಲಿನಿಂದ ತಂದು ಅಂಟಿಸಿದ ಭಾಗಕ್ಕೆ ಬಂದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕಿ ಬಂದಂಥ ವಿಚಿತ್ರ ಗುರುತುಗಳು ಸಿಗಬಹುದು. ಅದು ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಅಕ್ಷರ ಸಂಕೇತವಾದ ಯುನಿಕೋಡ್ ಅಲ್ಲ. ಆ ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡ. ವಿಕಿಯ ಹುಡುಕು ಪೆಟ್ಟಿಗೆಯಲ್ಲಿ ‘ಮರಳು’ ಅಂತ ಟೈಪ್ ಮಾಡಿದರೆ ಅಲ್ಲಿರುವ ಮರಳು ಸಿಗುವುದಿಲ್ಲ.

ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಎಡವಟ್ಟಾಗುವುದು ಜಾಸ್ತಿ ಅಲ್ಲೇ. ಆಮೇಲೆ ಬಲಗಡೆಯ ಟಿಕ್ ಒತ್ತಿ. ಹೌದು, ಕೆಂಪಗಿರುವುದು.