ಬೈರಿಗೆ ಹಾಕಿದ ಕಡೆಯೆಲ್ಲ ಮರ ಸೀಳುವುದು ಯಾಕೆ?

ಪ್ರಶ್ನೆ: ಕೆಡವಿದ ತೊಟ್ಟಿಮನೆಯದೊಂದು ತೇಗದ ಬಾಗಿಲು ಸಿಕ್ಕಿದೆ. ಹಿತ್ತಾಳೆ ಹಿಂಜಸ್ ಕೂರಿಸಲು ಕೈಬೈರಿಗೆಯಲ್ಲಿ ತೂತು ಹಾಕಿದರೆ ಅಂಚು ಸೀಳುತ್ತಿದೆ. ಬೈರಿಗೆ ಸರಿಯಿಲ್ಲವೋ, ಮರ ಸರಿಯಿಲ್ಲವೋ?
– ಮದ್ದೂರಿನ ಓದುಗರು

ಎರಡೂ ಸರಿಯಾಗಿಯೇ ಇರಬಹುದು. ಬೈರಿಗೆಯ ತುದಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ತೀರಾ ಕೆಳಗೆ ಸ್ಕ್ರೂವಿನಂಥ ಸಣ್ಣ ಸುರುಳಿ ಇದೆ. ಅದರ ಮೇಲೆ ಹೊಟ್ಟು ಏರಿ ಬರುವ ಗಾಡಿ (ಅಂದರೆ ಕೊರೆದ ತೋಡು), ಆಮೇಲೆ ನುಣುಪಾದ ಕಂಬಿ, ತಲೆಗೆ ಅಡ್ಡ ಹಿಡಿ. ಆ ತುದಿಯ ಸುರುಳಿ ಮರವನ್ನು ಕತ್ತರಿಸುವುದಿಲ್ಲ, ನಾರನ್ನು ಪಕ್ಕಕ್ಕೆ ತಳ್ಳಿಕೊಂಡು ಒಳಗಿಳಿಯುತ್ತದೆ. ಕತ್ತರಿಸುವ ಕೆಲಸ ಶುರುವಾಗುವುದು ಅದರ ಹಿಂದೆ ಬರುವ ಗಾಡಿಯ ಅಂಚಿನಿಂದ. ಸಿಲ್ವರ್ ಓಕ್‌ನಂಥ ಮೆದು ಮರದಲ್ಲಿ ನಾರು ಒತ್ತಿಕೊಂಡು ಜಾಗ ಬಿಡುತ್ತದೆ. ಎಷ್ಟೋ ದಶಕ ಒಣಗಿದ ತೇಗಕ್ಕೆ ಆ ಒಗ್ಗಿಕೊಳ್ಳುವ ಗುಣ ಇರುವುದಿಲ್ಲ. ತಳ್ಳಿದ ಒತ್ತಡ ಹತ್ತಿರದ ಅಂಚಿನ ಕಡೆಗೇ ದಾರಿ ಹುಡುಕುತ್ತದೆ.

ಹಾಗಾಗಿ ಮೊದಲು ನಾರನ್ನು ಕಡಿಯಬೇಕು, ಆಮೇಲೆ ಬೈರಿಗೆ. ಅದಕ್ಕೆ ಬೇಕಾದದ್ದು ಹಿಡಿ ಹಾಕಿದ, ಚಪ್ಪಟೆ ಬಾಯಿಯ ಚುಚ್ಚುವ ಹತಾರ. ಅಂಗಡಿಯಲ್ಲಿ ಸಿಗದಿದ್ದರೆ ಒಳ್ಳೆ ಉಕ್ಕಿನ ಸಣ್ಣ ಸ್ಕ್ರೂಡ್ರೈವರ್ ಒಂದನ್ನು ಸಾಣೆಕಲ್ಲಿಗೆ ಹಿಡಿದು, ಎರಡೂ ಕಡೆ ಇಳಿಜಾರು ಕೊಟ್ಟು, 2 ಮಿ.ಮೀ. ಅಗಲದ ಹರಿತ ಬಾಯಿ ಮಾಡಿಕೊಳ್ಳಿ. ಈ ಬಾಯಿಯನ್ನು ಮರದ ಎಳೆಗೆ ಅಡ್ಡಲಾಗಿ ಇಟ್ಟು ಒತ್ತಬೇಕು. ಬಾಗಿಲ ಎಳೆ ಮೇಲಿಂದ ಕೆಳಕ್ಕೆ ಹೋಗುತ್ತಿದ್ದರೆ ಬಾಯಿ ಎಡದಿಂದ ಬಲಕ್ಕೆ ಕೂರಬೇಕು. ಎಳೆಯ ಉದ್ದಕ್ಕೇ ಇಟ್ಟಿರೋ, ಸೌದೆಗೆ ಬೆಣೆ ಹೊಡೆದ ಹಾಗೆ. ಸೀಳು ಅಲ್ಲಿಂದಲೇ ಶುರು. ನಾರು ಕಡಿದ ಮೇಲೆ ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು ಆಡಿಸುತ್ತಾ 3–4 ಮಿ.ಮೀ. ಇಳಿಸಿದರೆ ಸಾಕು. ಪೂರಾ ಸುತ್ತು ತಿರುಗಿಸಬೇಡಿ.

ಈಗ ಬೈರಿಗೆ. ಮೊದಲ ಎರಡು ಸುತ್ತಿಗೆ ಮಾತ್ರ ಒತ್ತಡ ಕೊಡಿ. ಸುರುಳಿ ಹಿಡಿದುಕೊಂಡ ಮೇಲೆ ಅದೇ ತನ್ನನ್ನು ಎಳೆದುಕೊಂಡು ಹೋಗುತ್ತದೆ, ಕೈ ಬರೀ ತಿರುಗಿಸಿದರಾಯಿತು. ತೇಗದಲ್ಲಿ 5 ಮಿ.ಮೀ. ಹೋಗುವಷ್ಟರಲ್ಲಿ ಗಾಡಿ ತುಂಬಿ ಬಿಗಿಯಾಗುತ್ತದೆ. ಆಗ ಬಲ ಹಾಕಿದರೆ ಒಳಗೆ ಒತ್ತಿದ ಹೊಟ್ಟೇ ಬೆಣೆಯಾಗುತ್ತದೆ. ಹಿಂದಕ್ಕೆ ತಿರುಗಿಸಿ ಪೂರ್ತಿ ಹೊರಗೆ ತೆಗೆದು, ಹೊಟ್ಟು ಕೊಡವಿ, ಮತ್ತೆ ಇಳಿಸಿ. ಆಳಕ್ಕೆ ಕಂಬಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಬೈರಿಗೆಯನ್ನು ಪಕ್ಕಕ್ಕೆ ವಾಲಿಸಿ ಮೀಟುವುದಂತೂ ಬೇಡವೇ ಬೇಡ. ಸುರುಳಿ ಕತ್ತಿನಲ್ಲಿ ಮುರಿದು ಒಳಗುಳಿದರೆ ಅದರ ಮೇಲೆ ಡ್ರಿಲ್ ಬಿಟ್ ಕೂಡ ಜಾರುತ್ತದೆ, ತೂತಿನ ಜಾಗವನ್ನೇ ಬದಲಾಯಿಸಬೇಕು.

ಅಳತೆಯಲ್ಲೂ ಎಡವಟ್ಟಾಗುತ್ತದೆ. 8 ನಂಬರ್ ಸ್ಕ್ರೂವಿನ ಕತ್ತು ಸುಮಾರು 4.2 ಮಿ.ಮೀ., ಥ್ರೆಡ್ ಬಿಟ್ಟು ಒಳಗಿನ ತಿರುಳು ಸುಮಾರು 3. ಮೆದು ಮರಕ್ಕೆ 2.5 ಮಿ.ಮೀ. ತೂತು ನಡೆಯುತ್ತದೆ. ತೇಗಕ್ಕೆ 3 ಬೇಕು. ಹಳೇ ಮಾದರಿಯ ಸ್ಕ್ರೂವಿನಲ್ಲಿ ಥ್ರೆಡ್ ಇಲ್ಲದ ಕತ್ತಿನ ಭಾಗವೂ ಮರದೊಳಗೆ ಹೋಗುವಂತಿದ್ದರೆ, ಅಷ್ಟು ಆಳಕ್ಕೆ ಮೇಲಿನ ತೂತನ್ನು ಕತ್ತಿನ ದಪ್ಪಕ್ಕೆ, ಅಂದರೆ ಸುಮಾರು 4.2 ಮಿ.ಮೀ.ಗೆ ಅಗಲಿಸಿ. ತೂತು ಸರಿಯಾಗಿದ್ದೂ ಕೊನೇ ಎರಡು ಸುತ್ತಿನಲ್ಲಿ ಮರ ಸೀಳಿದರೆ ಕಾರಣ ಈ ಕತ್ತೇ. ಬೀಟೆ, ಹೊನ್ನೆಗಳಿಗೆ ಬೈರಿಗೆಯ ಸಹವಾಸ ಬೇಡ ಎಂಬುದು ನಮ್ಮ ಅಭಿಪ್ರಾಯ. ಚುಚ್ಚಿ ಗುರುತು ಮಾಡಿ, ನೇರ ಡ್ರಿಲ್ ಬಿಟ್ ಹಾಕಿ. ಚುಚ್ಚಿದ ಗುಂಡಿ ಇದ್ದರೆ ಬಿಟ್ ಅತ್ತಿತ್ತ ಜಾರುವುದೂ ಇಲ್ಲ. ಮೈಸೂರಿನ ಬೀಟೆ ಪೀಠೋಪಕರಣಕ್ಕೆ ಕೀಲು ಕೂರಿಸುವವರಿಗೂ ಇದೇ ಮಾತು.

ನಿಮ್ಮದು ಹಿತ್ತಾಳೆ ಸ್ಕ್ರೂ ಆದ್ದರಿಂದ ಇನ್ನೊಂದು ಎಚ್ಚರ. ಹಿತ್ತಾಳೆ ಮೆದು, ಗಟ್ಟಿ ಮರದಲ್ಲಿ ಕತ್ತು ತಿರುಚಿ ತಲೆ ಕಳಚಿಬಿಡುತ್ತದೆ. ಅದೇ ನಂಬರ್, ಅದೇ ಉದ್ದದ ಕಬ್ಬಿಣದ ಸ್ಕ್ರೂವನ್ನು ಮೊದಲು ಪೂರಾ ಹಾಕಿ ತೆಗೆಯಿರಿ. ಆ ದಾರಿಯಲ್ಲಿ ಹಿತ್ತಾಳೆಯದನ್ನು ಕೈಯಳತೆಯಲ್ಲಿ ಬಿಗಿ ಮಾಡಿ. ಥ್ರೆಡ್‌ಗೆ ಮೇಣದಬತ್ತಿ ಉಜ್ಜಿ. ಸೋಪು ಹಚ್ಚುವ ರೂಢಿ ಹಲವರಿಗಿದೆ, ಆದರೆ ಅದು ತೇವ ಹಿಡಿದಿಟ್ಟುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಹಿಂಜಸ್ ಕೊಳ್ಳುವಾಗ ತೂತುಗಳು ಒಂದೇ ಗೆರೆಯಲ್ಲಿವೆಯೋ, ಒಂದು ಒಳಗೆ ಒಂದು ಹೊರಗೆ ಇವೆಯೋ ನೋಡಿ. ಎರಡನೆಯದೇ ಒಳ್ಳೆಯದು. ಒಂದೇ ಗೆರೆಯಾದರೆ ಎಲ್ಲ ಸ್ಕ್ರೂಗಳೂ ಒಂದೇ ಎಳೆಯ ಮೇಲೆ ಬಿದ್ದು, ಒಂದರ ಸೀಳು ಇನ್ನೊಂದಕ್ಕೆ ಸೇರುತ್ತದೆ. ತೂತು ಅಂಚಿನಿಂದ ಸ್ಕ್ರೂ ದಪ್ಪದ ಮೂರು ಪಟ್ಟಾದರೂ ಒಳಗಿರಲಿ, ಅಂದರೆ 8 ನಂಬರ್‌ಗೆ 12–13 ಮಿ.ಮೀ.

ಬೈರಿಗೆ ಎಷ್ಟು ತಿರುಗಿಸಿದರೂ ಒಳಗೆ ಎಳೆದುಕೊಳ್ಳದೆ ನಿಂತಲ್ಲೇ ಸುತ್ತುತ್ತಿದ್ದರೆ ಸುರುಳಿ ಸವೆದಿದೆ ಎಂದರ್ಥ, ಹೊಸದು ತನ್ನಿ. ಮೈಸೂರಿನ ಸಂತೆಪೇಟೆಯಲ್ಲೋ ಮಂಡ್ಯದಲ್ಲೋ ಕೊಳ್ಳುವ ಮುಂಚೆ ಮರದ ಚೂರೊಂದಕ್ಕೆ ಎರಡು ಸುತ್ತು ಹಾಕಿ ನೋಡಿದರೆ ಗೊತ್ತಾಗುತ್ತದೆ. ಗಾಡಿ ಮಾತ್ರ ಮೊಂಡಾಗಿದ್ದರೆ ಸಣ್ಣ ದುಂಡು ಅರದಿಂದ ಒಳಮೈಯನ್ನು ನಾಲ್ಕೈದು ಸಲ ಉಜ್ಜಿ. ಹೊರಮೈಗೆ ಅರ ಮುಟ್ಟಿಸಬಾರದು. ಅಲ್ಲಿ ಸವೆದರೆ ತುದಿ ಕಂಬಿಗಿಂತ ಸಣ್ಣದಾಗಿ ತೂತಿನಲ್ಲೇ ಕಚ್ಚಿಕೊಳ್ಳುತ್ತದೆ.

ಈಗಾಗಲೇ ಸೀಳಿರುವ ಜಾಗಕ್ಕೆ: ಸೀಳನ್ನು ಚಾಕುವಿನ ತುದಿಯಿಂದ ತುಸು ಅಗಲಿಸಿ, ನೀರು ಬೆರೆಸಿ ತೆಳುವಾಗಿಸಿದ ಮರದ ಅಂಟು ಇಳಿಬಿಟ್ಟು, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡಿ. ಹಳೇ ತೂತಿಗೆ ಅಂಟು ಹಚ್ಚಿದ ಬಿದಿರು ಕಡ್ಡಿ ಬಡಿದು, ಒಣಗಿದ ಮೇಲೆ ಸಮ ಕತ್ತರಿಸಿ. ಹೊಸ ತೂತನ್ನು ಆ ಕಡ್ಡಿಯ ನಡುವೆಯೇ ಹಾಕಬಹುದು. ಆದರೆ ಡ್ರಿಲ್ ಬಿಟ್‌ನಲ್ಲಿ. ಬಿದಿರಿನ ನಾರು ಉದ್ದುದ್ದಕ್ಕೆ ಬಿಡುವಂಥದ್ದು, ಅದಕ್ಕೆ ಬೈರಿಗೆ ಆಗದು.